ಹಳೆಯ ಬಿರುಕಿನ ಮೇಲೆ ಹೊಸ ಡಾಂಬರು

ಡಾಂಬರು ಹಾಕಿದ ರಸ್ತೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕು ಬಿಟ್ಟರೆ ಕಳಪೆ ಕಾಮಗಾರಿ ಎನ್ನುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಲವು ಬಿರುಕುಗಳನ್ನು ಬಗ್ಗಿ ನೋಡಬೇಕು. ಅವು ಎಲ್ಲೆಂದರಲ್ಲಿ ಹುಟ್ಟಿದವಲ್ಲ. ಅಡಿಯಲ್ಲಿರುವ ಹಳೆಯ ರಸ್ತೆ ಎಲ್ಲಿ ಸೀಳಿತ್ತೋ ಅದೇ ಜಾಡು ಹಿಡಿದು, ಅದೇ ಸೊಟ್ಟ ತಿರುವುಗಳೊಂದಿಗೆ ಮೇಲೆದ್ದಿರುತ್ತವೆ.

ಹೊಸ ಪದರ ಹಳೆಯದಕ್ಕೆ ಗಟ್ಟಿಯಾಗಿ ಅಂಟಿರುತ್ತದೆ, ಅಂಟಿರಲೇಬೇಕು. ರಾತ್ರಿಯ ತಂಪಿಗೆ ಹಳೆಯ ರಸ್ತೆ ಕುಗ್ಗಿ ಬಿರುಕು ಕೂದಲೆಳೆಯಷ್ಟು ಬಾಯಿಬಿಟ್ಟರೂ ಆ ಸೆಳೆತವೆಲ್ಲ ಮೇಲಿನ ಪದರದ ಒಂದೇ ಗೆರೆಯ ಮೇಲೆ ಬೀಳುತ್ತದೆ. ಆಮೇಲೆ ಲಾರಿ ಬರುತ್ತದೆ. ಚಕ್ರ ಬಿರುಕಿನ ಈಚೆಗಿರುವಾಗ ಈ ಅಂಚನ್ನು ಅದುಮುತ್ತದೆ, ನೆತ್ತಿಗೆ ಬಂದಾಗ ಬಗ್ಗಿಸುತ್ತದೆ, ದಾಟಿದ ಮೇಲೆ ಆಚೆಯ ಅಂಚನ್ನು ಅದುಮುತ್ತದೆ. ಒಂದೇ ಚಕ್ರ, ಮೂರು ಪೆಟ್ಟು. ನಮ್ಮ ಕಣ್ಣಿಗೆ ಬೀಳುವ ಮೊದಲೇ ಬಿರುಕು ತಳದಿಂದ ಮೇಲಕ್ಕೆ ಬೆಳೆದಾಗಿರುತ್ತದೆ.

ಬಿರುಕು ತಡೆಯಲು ರಸ್ತೆಯ ಪದರಗಳ ನಡುವೆ ಬಟ್ಟೆ ಹಾಸುವ ಯೋಚನೆ ಹಳೆಯದು. 1926ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ಹೆದ್ದಾರಿ ಇಲಾಖೆ ದಪ್ಪ ಹತ್ತಿ ಬಟ್ಟೆ ಹಾಸಿ, ಬಿಸಿ ಡಾಂಬರು ಸುರಿದು, ತೆಳುವಾಗಿ ಮರಳು ಹರಡಿತು. ಬಟ್ಟೆ ಕೊಳೆಯುವ ತನಕ ರಸ್ತೆ ಚೆನ್ನಾಗಿಯೇ ಇತ್ತೆಂದು 1935ರ ವರದಿ ಹೇಳಿತು. ಈಗ ಗಾಜಿನ ನಾರಿನ ಜಾಲರಿ ಬಂದಿದೆ, ಡಾಂಬರು ಹೀರಿಕೊಳ್ಳುವ ಪಾಲಿಪ್ರೊಪಿಲೀನ್ ಬಟ್ಟೆ ಬಂದಿದೆ. ಜಾಲರಿ ಸೆಳೆತವನ್ನು ಅಗಲಕ್ಕೆ ಹಂಚುತ್ತದೆ. ಬಟ್ಟೆಯ ಉಪಕಾರ ಬೇರೆ: ಮೇಲೆ ಬಿರುಕು ಬಂದರೂ ಮಳೆನೀರು ಜಲ್ಲಿಗೆ ಇಳಿಯದಂತೆ ತಡೆಯುತ್ತದೆ. ರಸ್ತೆಯನ್ನು ನಿಜಕ್ಕೂ ಕೊಲ್ಲುವುದು ಆ ನೀರೇ, ಹಾಗಾಗಿ ಈ ಸಣ್ಣ ಉಪಕಾರವೇ ನನಗೆ ದೊಡ್ಡದೆನಿಸುತ್ತದೆ.

ಹಾಸುವ ಕೈಗೆ ತಾಳ್ಮೆ ಬೇಕು. ಅಡಿಯಲ್ಲಿ ಧೂಳು ಉಳಿದರೆ ಪದರ ಹಿಡಿಯದೆ ಜಾರುತ್ತದೆ. ಒಂದು ಸುಕ್ಕು ಉಳಿದರೂ ಅಲ್ಲೇ ಹೊಸ ಬಿರುಕು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಮೇಲೆ ಸುರಿಯುವ ಮಿಶ್ರಣದ ಕಾವು ಮಿತಿ ಮೀರಬಾರದು.

ಇಷ್ಟೆಲ್ಲ ಮಾಡಿದರೂ ಬಿರುಕು ತಡವಾದೀತು, ಇಲ್ಲವಾಗದು. ಅದು ಅಡ್ಡಡ್ಡ ಸೆಳೆತದಿಂದ ಬಂದದ್ದಾದರೆ ಜಾಲರಿ ಕೆಲಸಕ್ಕೆ ಬರುತ್ತದೆ. ಒಂದು ಅಂಚು ಕುಸಿದು ಇನ್ನೊಂದು ನಿಂತಿದ್ದರೆ ಅದರ ಬಲ ಸಾಲದು. ವಿಜಯಪುರ, ಗದಗದ ಎರೆ ಭೂಮಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬೇಸಿಗೆಗೆ ರಸ್ತೆಯಂಚಿನ ಎರೆ ಒಣಗಿ ಕುಗ್ಗುತ್ತದೆ, ಡಾಂಬರಿನಡಿಯ ಮಣ್ಣು ಮಾತ್ರ ಹಸಿಯಾಗೇ ಇರುತ್ತದೆ. ಅಂಚಿನುದ್ದಕ್ಕೂ ರಸ್ತೆ ಉದ್ದುದ್ದ ಸೀಳುತ್ತದೆ. ಅಲ್ಲಿ ಜಾಲರಿಯ ಜಾಗ ಮೇಲಿನ ಡಾಂಬರಿನಲ್ಲಲ್ಲ, ತಳದ ಜಲ್ಲಿಯಲ್ಲಿ.

ಆದ್ದರಿಂದ ಹೊಸ ಡಾಂಬರಿಗೆ ಮೊದಲು ಯಾರಾದರೂ ರಸ್ತೆಯುದ್ದಕ್ಕೂ ನಡೆಯಬೇಕು. ತುಂಬಿದ ಲಾರಿಯ ಭಾರಕ್ಕೆ ಬಿರುಕಿನ ಎರಡು ಅಂಚುಗಳು ಎಷ್ಟೆಷ್ಟು ತಗ್ಗುತ್ತವೆಂದು ಅಳೆಯಬೇಕು. ಬೆಂಕೆಲ್ಮನ್ ಬೀಮ್ ಎಂಬ ಸರಳ ಸಾಧನ ಅದಕ್ಕೆ ಸಾಕು. ಎರಡೂ ಸಮನಾಗಿ ತಗ್ಗಿದರೆ ಜಾಲರಿ ಹಾಸಬಹುದು. ಒಂದೇ ತಗ್ಗಿದರೆ ಮೊದಲು ಅಗೆದು ತಳವನ್ನು ಕಟ್ಟಬೇಕು.