ಸತ್ತವರಿಗೆ ಸಲ್ಲತಕ್ಕದ್ದು

ಸತ್ತವರಿಗೆ ಬದುಕಿರುವವರು ಏನು ಸಲ್ಲಿಸಬೇಕು ಎಂಬ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಆಗಾಗ್ಗೆ ಹುಟ್ಟುವದುಂಟು. ತಂದೆಯು ತೀರಿಹೋದ ಮೇಲೆ ಸಾಲಮಾಡಿಯಾದರೂ ಕಲ್ಲು ನಿಲ್ಲಿಸಬೇಕೆಂದು ಒಬ್ಬನು ಹೇಳುತ್ತಾನೆ. ಮಣ್ಣು ಮಣ್ಣಿಗೆ ಸೇರಿದ ಮೇಲೆ ಕಲ್ಲಿನಿಂದೇನು ಎಂದು ಮತ್ತೊಬ್ಬನು ಕೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ಆದದರಿಂದ ಲಂಡನ್ ಪಟ್ಟಣದ ಒಂದು ಹಳೇ ಸ್ಮಶಾನವನ್ನು ಕಣ್ಣಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಆ ಸ್ಥಳದ ಹೆಸರು ಬನ್‌ಹಿಲ್ ಫೀಲ್ಡ್ಸ್. ಅದನ್ನು ಯಾವ ಬಿಷಪರೂ ಪ್ರತಿಷ್ಠಿಸಿದ್ದಿಲ್ಲ; ಹೀಗಿರಲಾಗಿ ರಾಜಾಶ್ರಯದ ಸಭೆಗೆ ಒಳಪಡದವರು ತಮ್ಮ ಬೋಧಕರಿಂದಲೇ ಪ್ರಾರ್ಥನೆ ಮಾಡಿಸಿ ತಮ್ಮ ಸತ್ತವರನ್ನು ಅಲ್ಲಿ ಹೂಣಿಡುತ್ತಿದ್ದರು. 1665ರಿಂದ 1854ರ ವರೆಗೆ ಸುಮಾರು 1,23,000 ಮಂದಿ ಅಲ್ಲಿ ಸೇರಿದರೆಂದು ಎಣಿಸಿದ್ದಾರೆ. ಇವರೊಳಗೆ ಹೆಸರು ಉಳಿದವರು ಬಹು ಕೊಂಚ.

ಹಾಗೆ ಉಳಿದವರಲ್ಲಿ ಜಾನ್ ಬನ್ಯನನು ಒಬ್ಬನು. ಕನ್ನಡಕ್ಕೂ ಬಂದಿರುವ ಯಾತ್ರಿಕನ ಪ್ರಯಾಣದ ಕಥೆಯನ್ನು ಬರೆದವನು ಇವನೇ. ಇವನು ಒಡೆದ ಪಾತ್ರೆಗಳನ್ನು ಸರಿಮಾಡಿ ಹೊಟ್ಟೆಹೊರೆಯುತ್ತಿದ್ದವನು. ಬೋಧಿಸುವದನ್ನು ಬಿಡುತ್ತೇನೆಂದು ಮಾತು ಕೊಟ್ಟಿದ್ದರೆ ಮನೆಗೆ ಹೋಗಬಹುದಾಗಿತ್ತು. ಕೊಡಲೊಲ್ಲದೆ 1660ರಿಂದ 1672ರ ವರೆಗೆ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದನು. 1688ರ ಆಗಸ್ಟಿನಲ್ಲಿ, ಮುನಿದಿದ್ದ ಒಬ್ಬ ತಂದೆಯನ್ನೂ ಮಗನನ್ನೂ ಒಂದುಮಾಡಿಸಿ ಮಳೆಯಲ್ಲಿ ನೆನೆಯುತ್ತಾ ಲಂಡನ್ನಿಗೆ ಬಂದು ಜ್ವರದಿಂದ ಗೆಳೆಯನೊಬ್ಬನ ಮನೆಯಲ್ಲಿ ಸತ್ತನು. ಆ ಗೆಳೆಯನ ಗೋರಿಯಲ್ಲಿಯೇ ಅವನಿಗೆ ಕಡೆಗೆ ಸ್ಥಳ ದೊರೆಯಿತು. ಮರುವರುಷ, ಅಂದರೆ 1689ರಲ್ಲಿ, ಅವನಂಥವರು ಅಂಜಿಕೆಯಿಲ್ಲದೆ ಆರಾಧಿಸಬಹುದೆಂಬ ಕಾನೂನಾಯಿತು. ಅವನ ಮಲಗಿದ ಪ್ರತಿಮೆಯನ್ನು ಜನರು ಚಂದಾ ಎತ್ತಿ ಗೋರಿಯ ಮೇಲೆ ಇಟ್ಟದ್ದಾದರೋ 1862ರಲ್ಲಿ.

ಈ ಎರಡರಲ್ಲಿ ಬನ್ಯನನಿಗೆ ಸಂದ ಮರ್ಯಾದೆ ಯಾವದು? ಎರಡೂ ಅವನ ಕಣ್ಣಿಗೆ ಬೀಳಲಿಲ್ಲ. ಆದರೂ ಕಾನೂನು ಬದುಕಿದ್ದ ಬೋಧಕರ ಕೈಕೋಳವನ್ನು ತಪ್ಪಿಸಿತು. ಪ್ರತಿಮೆಯು ಯಾರ ಕೋಳವನ್ನೂ ಬಿಚ್ಚಲಿಲ್ಲ. ಪ್ರವಾದಿಗಳಿಗೆ ಸಮಾಧಿ ಕಟ್ಟುತ್ತಿದ್ದವರನ್ನು ನಮ್ಮ ಕರ್ತನು ಯಾಕೆ ಗದರಿಸಿದನೆಂಬದು ಇಲ್ಲಿ ನಮಗೆ ಸ್ವಲ್ಪ ತಿಳಿಯಬರುತ್ತದೆ.

ಹಾಗಾದರೆ ಕಲ್ಲು ಬರೀ ಆಡಂಬರವೋ? ಹಾಗೆನ್ನಲು ನಮಗೆ ಮನಸ್ಸು ಬರುವದಿಲ್ಲ. ಅಲ್ಲಿಯೇ ಡೇನಿಯಲ್ ಡಿಫೋ ಎಂಬವನ ಗೋರಿಯುಂಟು. ನಿರ್ಜನ ದ್ವೀಪದಲ್ಲಿ ಒಂಟಿಯಾಗಿ ಬದುಕಿದ ರಾಬಿನ್ಸನ್ ಕ್ರೂಸೋವಿನ ಕಥೆಯನ್ನು 1719ರಲ್ಲಿ ಪ್ರಕಟಿಸಿದವನು ಇವನು. ಸಾಲದ ನಿಮಿತ್ತ ಸೆರೆ ಕಂಡವನು. 1731ರಲ್ಲಿ ಸಾಯುವಾಗಲೂ ಸಾಲ ಕೊಟ್ಟವರ ಕಣ್ಣಿಗೆ ಮರೆಯಾಗಿದ್ದನೆಂದು ತಿಳಿದವರು ಹೇಳುತ್ತಾರೆ. 1870ರಲ್ಲಿ ಒಂದು ಕ್ರೈಸ್ತ ಪತ್ರಿಕೆಯು ಹುಡುಗ ಹುಡುಗಿಯರನ್ನು ಬೇಡಿಕೊಳ್ಳಲಾಗಿ ಸುಮಾರು 1,700 ಮಂದಿ ಕಾಸು ಕೂಡಿಸಿದರು. ಎತ್ತರವಾದ ಕಂಬವೊಂದು ನಿಂತಿತು. ಯಾರ ಬಲವಂತವೂ ಇಲ್ಲದೆ, ಕಥೆಯಿಂದ ಸಂತೋಷಪಟ್ಟ ಮಕ್ಕಳು ಕೊಟ್ಟ ಆ ಕಾಸನ್ನು ನಾವು ಹಳಿಯಲಾರೆವು. ಆದರೆ ಸಾಲಕ್ಕಾಗಿ ಮನುಷ್ಯರನ್ನು ಸೆರೆಗೆ ಹಾಕುವ ಪದ್ಧತಿಯನ್ನು ಆ ದೇಶದವರು ಬಹುಮಟ್ಟಿಗೆ ನಿಲ್ಲಿಸಿದ್ದು 1869ರಲ್ಲಿ, ಎಂದರೆ ಕಂಬಕ್ಕಿಂತ ಒಂದೇ ವರುಷ ಮುಂಚೆ. ಅದಕ್ಕೆ ಡಿಫೋವಿನ ಹೆಸರನ್ನು ಯಾರೂ ಕೆತ್ತಲಿಲ್ಲ.

ಕಡೆಯದಾಗಿ ವಿಲಿಯಂ ಬ್ಲೇಕನ ಸಂಗತಿ. ಕವಿಯೂ ಚಿತ್ರಗಾರನೂ ಆದ ಈತನು 1827ರ ಆಗಸ್ಟ್ 12ರಲ್ಲಿ ಸತ್ತಾಗ ಹೆಂಡತಿಯು ಕೈಗಡ ತಂದು ಹೂಣಿಡಿಸಬೇಕಾಯಿತು. ಕೈಗಡ ತಂದು ಗುಂಡಿ ತೋಡಿಸುವದೇನೆಂಬದು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದನ್ನು ವಿವರಿಸುವದು ಬೇಡ. ಗುಂಡಿಯು ಬೇರೆಯವರೊಂದಿಗೆ ಹಂಚಿಕೊಂಡದ್ದು, ಮೇಲೆ ಗುರುತಿಲ್ಲ. 1927ರಲ್ಲಿ ಒಂದು ಕಲ್ಲನ್ನಿಟ್ಟರು. ಅದು ಹತ್ತಿರದಲ್ಲಿ ಎಲ್ಲಿಯೋ ಇದ್ದಾನೆಂದು ಮಾತ್ರ ಹೇಳಿತು. ತರುವಾಯ ಅವನ ಕವಿತೆಗಳನ್ನು ಪ್ರೀತಿಸಿದ ಪರದೇಶದ ಇಬ್ಬರು ಹಳೇ ದಾಖಲೆಗಳನ್ನು ಅಳತೆಹಾಕಿ ನೋಡಿ ಸರಿಯಾದ ಸ್ಥಳವನ್ನು ಕಂಡುಹಿಡಿದರು. 2018ರಲ್ಲಿ ಅಲ್ಲಿ ಹೊಸ ಕಲ್ಲನ್ನು ಇಟ್ಟರು. ಇಷ್ಟು ಶ್ರಮಪಟ್ಟು ಒಬ್ಬ ಬಡವನನ್ನು ಹುಡುಕುವದು ವ್ಯರ್ಥವೆಂದು ನಾವು ಎಣಿಸುವದಿಲ್ಲ. ಸಾಲಮಾಡಿ ಕಲ್ಲು ಕೆತ್ತಿಸುವದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅದೇ ಗುಂಡಿಯಲ್ಲಿ ಅವನ ಸಂಗಡ ಮಲಗಿರುವವರ ಹೆಸರುಗಳು ಆ ಕಲ್ಲಿನ ಮೇಲೆ ಇಲ್ಲ.