‘ನಾನು ಹೇಳಿರಲಿಲ್ಲ’ ಎಂದರೆ ಸಾಕೇ?



ರಮಝಾನ್ ಬಂದರೆ ಈ ದೇಶದ ಕಾನೂನು ನಮಗೆ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ ಮಾಡುತ್ತದೆ. ಆ ಎರಡು ಗಂಟೆಯಲ್ಲಿ ಹತ್ತು ನಿಮಿಷ ನನಗೆ ಕೊಡಿ. ನಾನು ಆಲಿಮ್ ಅಲ್ಲ. ದಾವಣಗೆರೆಯಲ್ಲಿ ಬೆಳಿಗ್ಗೆ ಮದ್ರಸಕ್ಕೆ ಹೋಗಿ, ಹಗಲು ಬಿ.ಕಾಂ. ಓದಿ, ಈಗ ಶಾರ್ಜಾದ ಒಂದು ಪೈಪ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವನು. ಲೆಕ್ಕ ಬರೆಯುವಾಗಲೇ ನನಗೆ ಎದುರಾದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ: ನನ್ನ ಕೈಕೆಳಗಿನವನು ತಪ್ಪು ಮಾಡಿದ. ಮಾಡು ಎಂದು ನಾನು ಹೇಳಿರಲಿಲ್ಲ. ಹಾಗಾದರೆ ನಾನು ಶುದ್ಧನೇ?

ನಮ್ಮ ಖರೀದಿ ವಿಭಾಗದಲ್ಲಿ ಪುತ್ತೂರು ಕಡೆಯ ಒಬ್ಬರಿದ್ದಾರೆ. ಅವರ ಮನೆಮಾತು ಬ್ಯಾರಿ, ನನ್ನದು ಉರ್ದು, ನಮ್ಮಿಬ್ಬರ ನಡುವೆ ಕನ್ನಡ. ಹನ್ನೊಂದು ವರ್ಷ ಅವರು ಕಚ್ಚಾ ಮಾಲು ಖರೀದಿಸಿದರು. ಮೂರು ಕಡೆಯಿಂದ ಕೊಟೇಶನ್ ತರಿಸುವುದು, ದರ ಮಾತಾಡುವುದು, ಆರ್ಡರ್ ಕೊಡುವುದು, ಮಾಲು ಹೊತ್ತಿಗೆ ಸರಿಯಾಗಿ ಬರುವಂತೆ ನೋಡುವುದು ಅವರ ಕೆಲಸ. ನನ್ನದು ಕೊನೆಯ ಕೆಲಸ. ಆರ್ಡರ್, ಸ್ಟೋರಿನವರು ಮಾಲು ಪಡೆದ ಚೀಟಿ, ಸಪ್ಲೈಯರ್‌ನ ಬಿಲ್ಲು, ಈ ಮೂರೂ ತಾಳೆಯಾದರೆ ಮಾತ್ರ ಹಣ ಕೊಡುವುದು. ಹನ್ನೊಂದು ವರ್ಷದಲ್ಲಿ ಅವರ ಕಾಗದಗಳು ತಾಳೆಯಾಗದೇ ಹೋದದ್ದು ನನಗೆ ನೆನಪಿಲ್ಲ.

ರಮಝಾನ್ ಬಂತೆಂದರೆ ಸಪ್ಲೈಯರ್‌ಗಳು ಖರ್ಜೂರದ ಪೆಟ್ಟಿಗೆ ಕಳಿಸುತ್ತಾರೆ, ಕೆಲವು ಪೆಟ್ಟಿಗೆಗಳ ಅಡಿಯಲ್ಲಿ ಲಕೋಟೆಯೂ ಇರುತ್ತದೆ. ಅವರು ಎಲ್ಲವನ್ನೂ ಹಿಂದೆ ಕಳಿಸುತ್ತಿದ್ದರು. ಮದ್ರಸದಲ್ಲಿ ಕೇಳಿದ ಘಟನೆ ನಿಮಗೂ ನೆನಪಿರಬಹುದು. ಝಕಾತ್ ಸಂಗ್ರಹಿಸಲು ಪ್ರವಾದಿ(ಸ) ಒಬ್ಬರನ್ನು ನೇಮಿಸಿದರು. ಅವರು ಮರಳಿ ಬಂದು ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದು ಎರಡು ಪಾಲು ಮಾಡಿದರು. ಆ ಮನುಷ್ಯ ತನ್ನ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ) ಕೇಳಿದರು. ಉಡುಗೊರೆ ಬಂದದ್ದು ಆ ಮನುಷ್ಯನಿಗಲ್ಲ, ಅವನು ಕುಳಿತ ಕುರ್ಚಿಗೆ. ಇದನ್ನು ನನ್ನ ಗೆಳೆಯರು ಚೆನ್ನಾಗಿ ಅರಿತಿದ್ದರು.

ಕಂಪೆನಿಯವರು ಅವರನ್ನು ಖರೀದಿ ವಿಭಾಗದ ಟೀಮ್ ಲೀಡರ್ ಮಾಡಿದರು. ಕೆಳಗೆ ನಾಲ್ವರು. ಆ ರಾತ್ರಿ ತರಾವೀಹ್ ಮುಗಿಸಿ ಬರುವಾಗ ಅವರು ಕೇಳಿದರು: “ಭಾಯ್, ಅಧಿಕಾರ ಬೇಡ ಎನ್ನುವುದು ಒಳ್ಳೆಯದೋ, ಒಪ್ಪಿಕೊಳ್ಳುವುದೋ?”

ಉತ್ತರ ಸುಲಭವಿರಲಿಲ್ಲ. ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ತನಗೆ ಕೊಡಿ ಎಂದು ಪ್ರವಾದಿ ಯೂಸುಫ್(ಅ) ತಾವಾಗಿ ಕೇಳಿದ್ದನ್ನು ಕುರ್‌ಆನ್ ಹೇಳುತ್ತದೆ. ಕಾಯುವುದೂ ಗೊತ್ತು, ಕೆಲಸವೂ ಗೊತ್ತು ಎಂಬುದು ಅವರ ಕಾರಣ. ಇತ್ತ ಅಬೂಝರ್(ರ) ಒಂದು ಹುದ್ದೆ ಕೇಳಿದಾಗ ಪ್ರವಾದಿ(ಸ) ಕೊಡಲಿಲ್ಲ. ನೀವು ಇದಕ್ಕೆ ದುರ್ಬಲರು, ಇದು ಅಮಾನತ್, ಇದರ ಹಕ್ಕನ್ನು ತೀರಿಸದವನಿಗೆ ಪರಲೋಕದಲ್ಲಿ ಇದು ಅಪಮಾನವಾಗುತ್ತದೆ ಎಂದು ತಿಳಿಸಿದರು. ಅಬೂಝರ್(ರ) ಸುಳ್ಳರೇ? ಅಲ್ಲವೇ ಅಲ್ಲ. ಅವರ ಸತ್ಯಸಂಧತೆ ಪ್ರಸಿದ್ಧ. ಅಂದರೆ ಪ್ರಾಮಾಣಿಕತೆಯ ಜೊತೆಗೆ ಇನ್ನೊಂದು ಬಲವೂ ಬೇಕು. ಆ ಬಲ ಯಾವುದೆಂದು ಆ ರಾತ್ರಿ ನನಗೂ ಹೇಳಲು ಬರಲಿಲ್ಲ. “ನೀವು ಪ್ರಾಮಾಣಿಕರು, ಒಪ್ಪಿಕೊಳ್ಳಿ” ಎಂದುಬಿಟ್ಟೆ.

ಆರು ತಿಂಗಳಾಯಿತು. ಪಿವಿಸಿ ಪುಡಿಗೆ ಸ್ಟೆಬಿಲೈಝರ್ ಎಂಬ ವಸ್ತು ಸೇರಿಸದೆ ಬಿಸಿ ಮಾಡಿದರೆ ಅದು ಮೆಶಿನ್ನಿನೊಳಗೇ ಸುಟ್ಟು ಕಂದುತ್ತದೆ, ಕಣ್ಣು ಉರಿಯುವ ಹೊಗೆ ಬರುತ್ತದೆ. ಅದಿಲ್ಲದೆ ಲೈನ್ ಓಡುವಂತಿಲ್ಲ. ಅದನ್ನು ತರುವ ಕಂಟೇನರ್ ತಡವಾಯಿತು. ನಮ್ಮಲ್ಲಿ 10,000 ದಿರ್ಹಮ್ ಮೀರಿದ ಖರೀದಿಗೆ ಮೂರು ಕೊಟೇಶನ್ ಮತ್ತು ಮ್ಯಾನೇಜರ್ ಸಹಿ ಬೇಕು. ಅವರ ಕೆಳಗಿನ ಹಾವೇರಿ ಕಡೆಯ ಹುಡುಗ 18,600 ದಿರ್ಹಮ್‌ನ ಮಾಲನ್ನು 9,300ರ ಎರಡು ಆರ್ಡರ್ ಮಾಡಿದ. ಒಂದೇ ದಿನ, ಒಂದೇ ಸಪ್ಲೈಯರ್, ಒಂದರ ಹಿಂದೊಂದು ನಂಬರ್. ದರ ಎಂದಿಗಿಂತ ಹೆಚ್ಚು. ಮೂರೂ ಕಾಗದ ತಾಳೆಯಾಗುತ್ತಿದ್ದವು, ಆದರೂ ಲೆಕ್ಕ ಸರಿಯಿರಲಿಲ್ಲ.

ಹುಡುಗನನ್ನು ಕರೆದು ಕೇಳಿದೆ. ಅವನು ಒಂದು ಪೈಸೆ ತಿಂದಿರಲಿಲ್ಲ. “ಸರ್‌ಗೆ ಹೇಳೋಕೆ ಧೈರ್ಯ ಬರ್ಲಿಲ್ಲ ಭಾಯ್. ‘ಲೈನ್ ನಿಲ್ಲಬಾರದು, ಹೇಗೆ ಅಂತ ನನಗೆ ಹೇಳ್ಬೇಡ, ಕತೆ ಬೇಡ’ ಅಂದಿದ್ರು” ಎಂದ. ಕೆಲಸ ಹೋದರೆ ಊರಲ್ಲಿ ತಂಗಿಯ ಮದುವೆಯ ಸಾಲ ಹಾಗೇ ಉಳಿಯುತ್ತದೆ ಎಂದು ಅತ್ತ.

ಗೆಳೆಯರ ಬಳಿ ಹೋದೆ. ಅವರ ಮೊದಲ ಮಾತು: “ನಾನು ಹಾಗೆ ಮಾಡು ಅಂತ ಹೇಳಿರಲಿಲ್ಲ.” ಎರಡನೆಯದು: “ಒಬ್ಬನ ಭಾರವನ್ನು ಇನ್ನೊಬ್ಬ ಹೊರುವುದಿಲ್ಲ ಅಂತ ಕುರ್‌ಆನಿನಲ್ಲೇ ಇದೆಯಲ್ಲ ಭಾಯ್?”

ಸಹೋದರರೇ, ಆ ಮಾತು ಸತ್ಯ. ಅಲ್ಲಾಹನ ನ್ಯಾಯದಲ್ಲಿ ಯಾರ ಪಾಪವನ್ನೂ ಇನ್ನೊಬ್ಬನ ತಲೆಗೆ ಕಟ್ಟುವುದಿಲ್ಲ. ಆದರೆ ನಿಮ್ಮಲ್ಲಿ ಪ್ರತಿಯೊಬ್ಬನೂ ಕುರುಬ, ತನ್ನ ಹಿಂಡಿನ ಬಗ್ಗೆ ಪ್ರತಿಯೊಬ್ಬನೂ ಪ್ರಶ್ನಿಸಲ್ಪಡುವನು ಎಂಬರ್ಥದ ಪ್ರವಾದಿ ವಚನವೂ ಸತ್ಯ. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆ?

ನನಗೆ ತಿಳಿದ ವಿದ್ಯೆ ಲೆಕ್ಕ, ಅದರಲ್ಲೇ ಹೇಳುತ್ತೇನೆ. ನಮ್ಮಲ್ಲಿ ಒಂದು ವ್ಯವಹಾರವನ್ನು ಒಂದೇ ಕಡೆ ಬರೆದರೆ ಪುಸ್ತಕ ಸರಿಹೊಂದುವುದಿಲ್ಲ, ಎರಡು ಕಡೆ ಬರೆಯಬೇಕು. ಆರ್ಡರ್ ಒಡೆದದ್ದು, ಮುಚ್ಚಿಟ್ಟದ್ದು ಹುಡುಗನ ಖಾತೆಗೆ. ಅದನ್ನು ಯಾರೂ ಹೊರಲಾರರು. ಆದರೆ ‘ಕತೆ ಬೇಡ’ ಎಂದದ್ದು, ಕಷ್ಟ ಹೇಳಿಕೊಳ್ಳುವ ಬಾಗಿಲು ಮುಚ್ಚಿದ್ದು, ಮಾಲು ಎಲ್ಲಿಂದ ಬಂತು ಎಂದು ಕೇಳದೆ ಖುಷಿಪಟ್ಟದ್ದು ಲೀಡರ್‌ನ ಖಾತೆಗೆ. ಅವರು ಉತ್ತರಿಸಬೇಕಾದದ್ದು ಹುಡುಗನ ತಪ್ಪಿಗಲ್ಲ, ತಮ್ಮದಕ್ಕೆ. ಒಂದೇ ಘಟನೆ, ಎರಡು ಬರಹ.

ಖರೀದಿದಾರನಾಗಿದ್ದಾಗ ಅವರ ಕೈ ಶುದ್ಧವಿದ್ದರೆ ಸಾಕಿತ್ತು. ಲೀಡರ್ ಆದ ಮೇಲೆ ಕಿವಿಯೂ ತೆರೆದಿರಬೇಕಾಯಿತು. ಕೆಳಗಿನವರು ಸುಳ್ಳು ಹೇಳದೆ ಕೆಲಸ ಮಾಡಲು ಸಾಧ್ಯವಾಗುವಂತೆ ನೋಡಿಕೊಳ್ಳುವುದು, ಕೆಟ್ಟ ಸುದ್ದಿಯನ್ನು ಸಿಟ್ಟಿಲ್ಲದೆ ಕೇಳುವುದು, ‘ಲೈನ್ ಒಂದು ದಿನ ನಿಲ್ಲಲಿ, ಬೈಗುಳ ನಾನು ತಿನ್ನುತ್ತೇನೆ’ ಎನ್ನುವುದು. ಆ ರಾತ್ರಿ ನನಗೆ ಹೇಳಲು ಬಾರದ ಬಲ ಇದೇ ಎಂದು ಈಗ ತೋರುತ್ತದೆ.

ನನ್ನ ಖಾತೆಯೂ ಖಾಲಿಯಿಲ್ಲ. ಹಳೆಯ ಫೈಲು ತೆಗೆದಾಗ ಎರಡು ತಿಂಗಳ ಹಿಂದೆ ಇಂಥದೇ ಒಂದು ಜೋಡಿ ಸಿಕ್ಕಿತು. ಅದಕ್ಕೆ ಹಣ ಕೊಡಲು ಸಹಿ ಹಾಕಿದವನು ನಾನೇ. ಆಗಲೇ ಅನುಮಾನ ಬಂದಿತ್ತು. ತಿಂಗಳ ಕೊನೆ, ಸುಸ್ತು ಬೇರೆ. ಕಾಗದ ತಾಳೆಯಾಗಿದೆಯಲ್ಲ ಎಂದು ಬಿಟ್ಟೆ. ಅಂದೇ ಕೇಳಿದ್ದರೆ ಹುಡುಗ ಅಲ್ಲಿಗೇ ನಿಲ್ಲಿಸುತ್ತಿದ್ದನೇನೋ.

ಗೆಳೆಯರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನನ್ನನ್ನೂ ಹುಡುಗನನ್ನೂ ಕರೆದುಕೊಂಡು ಮ್ಯಾನೇಜರ್ ಬಳಿ ಹೋದರು. “ಆರ್ಡರ್ ಒಡೆದದ್ದು ಇವನು. ಒಡೆಯುವಂತೆ ಒತ್ತಡ ಹಾಕಿದ್ದು ನಾನು” ಎಂದರು. ನಾನೂ ನನ್ನ ಸಹಿಯ ವಿಷಯ ಹೇಳಿದೆ. ಹುಡುಗನಿಗೆ ಎಚ್ಚರಿಕೆ ಪತ್ರ ಬಂತು, ಕೆಲಸ ಉಳಿಯಿತು. ಗೆಳೆಯರಿಗೆ ಆ ವರ್ಷ ಸಂಬಳ ಏರಲಿಲ್ಲ. ಈಗ ಅವರು ದಿನಾ ಬೆಳಿಗ್ಗೆ ನಾಲ್ವರನ್ನೂ ಕೂರಿಸಿಕೊಂಡು ಕೇಳುವ ಮೊದಲ ಪ್ರಶ್ನೆ: “ಇವತ್ತು ಯಾವುದು ಆಗಲ್ಲ, ಹೇಳಿ.”

ನಾನು ಲೀಡರ್ ಅಲ್ಲ, ಇದು ನನಗಲ್ಲ ಎನ್ನಬೇಡಿ. ನೀವು ನಾಲ್ಕು ಹೆಲ್ಪರ್‌ಗಳ ಮೇಲಿನ ಫೋರ್‌ಮನ್ ಇರಬಹುದು. ರೂಮಿನ ಎಂಟು ಜನರ ಮೆಸ್ ಹಣ ನಿಮ್ಮ ಕೈಯಲ್ಲಿರಬಹುದು. ಊರಲ್ಲಿ ಮಗನಿಗೆ ಫೋನಿನಲ್ಲಿ ‘ಮಾರ್ಕ್ಸ್ ಬಂದರೆ ಸಾಕು, ಬೇರೆ ಏನೂ ಹೇಳಬೇಡ’ ಎನ್ನುವ ಅಪ್ಪನಿರಬಹುದು. ನಿಮ್ಮ ಹಿಂಡು ಯಾವುದೆಂದು ನಿಮಗೇ ಗೊತ್ತು.

ಉಪವಾಸದಲ್ಲಿ ನಾವು ಬಾಯಿಯನ್ನು ಹಲಾಲಿನಿಂದಲೂ ತಡೆಯುತ್ತೇವೆ. ಈ ತಿಂಗಳು ಇನ್ನೊಂದು ಕೆಲಸವನ್ನೂ ಮಾಡೋಣ. ಇಂದು ಇಫ್ತಾರ್‌ಗೆ ಕುಳಿತಾಗ ನಿಮ್ಮ ಕೈಕೆಳಗಿನ ಒಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ನನಗೆ ಹೆದರಿ ಹೇಳದೆ ಉಳಿಸಿಕೊಂಡದ್ದು ಏನಾದರೂ ಇದೆಯಾ? ಅವನು ಹೇಳಿ ಮುಗಿಸುವವರೆಗೆ ಸುಮ್ಮನಿರಿ.

ನಮ್ಮ ಕೈಗಳನ್ನೂ ಕಿವಿಗಳನ್ನೂ ಅಲ್ಲಾಹನು ಶುದ್ಧವಾಗಿಡಲಿ, ನಮ್ಮ ಲೆಕ್ಕವನ್ನು ಹಗುರಗೊಳಿಸಲಿ. ಆಮೀನ್.