ನೋಡಿಕೊಳ್ಳೋದು ಅಂದರೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಸಂಪು ಅಂದರೇನು ಅಂತ ವಿವರಿಸಬೇಕಾಗಿಲ್ಲ. ಗೇಟಿನ ಪಕ್ಕ ನೆಲದಡಿ ಒಂದು ತೊಟ್ಟಿ, ಅದಕ್ಕೊಂದು ಕಬ್ಬಿಣದ ಮುಚ್ಚಳ, ಮುಚ್ಚಳದ ಮೇಲೆ ಯಾರದೋ ಸ್ಕೂಟರ್. ಕಾವೇರಿ ನೀರು ಬಂತಾ, ಟ್ಯಾಂಕರ್‌ಗೆ ಫೋನ್ ಮಾಡಿದ್ರಾ ಅನ್ನೋ ಮಾತೆಲ್ಲ ಅದರ ಸುತ್ತಲೇ. ಮೀನು ಸಾಕುವವರ ಲೋಕದಲ್ಲೂ ಒಂದು ಸಂಪು ಇದೆ. ಅದು ಇರೋದು ನೀರು ಕೂಡಿಡೋಕಲ್ಲ, ತೊಳೆಯೋಕೆ. ಅಕ್ವೇರಿಯಂ ಇಟ್ಟ ಸ್ಟ್ಯಾಂಡಿನ ಒಳಗೆ, ಬಾಗಿಲ ಹಿಂದೆ, ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಮೇಲಿನ ಟ್ಯಾಂಕಿನ ನೀರು ಪೈಪಿನಲ್ಲಿ ತಾನಾಗಿ ಇಳಿದು ಅಲ್ಲಿಗೆ ಬರುತ್ತದೆ. ಮೊದಲ ಖಾನೆಯಲ್ಲಿ ಸ್ಪಂಜು, ಎರಡನೆಯದರಲ್ಲಿ ಸೆರಾಮಿಕ್ ಉಂಗುರವೋ ಲಾವಾ ಕಲ್ಲೋ, ಮೂರನೆಯದರಲ್ಲಿ ಒಂದು ಪಂಪು. ಪಂಪು ನೀರನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಅಷ್ಟೇ.

ಮನೆಯಲ್ಲೇ ಮಾಡಿಕೊಳ್ಳಬಹುದು, ಕಷ್ಟವಿಲ್ಲ. ಗಾಜಿನ ಅಂಗಡಿಯಲ್ಲಿ ಅಳತೆ ಕೊಟ್ಟರೆ ಅಡ್ಡಗಾಜು ಕತ್ತರಿಸಿ ಕೊಡುತ್ತಾರೆ. ಫಂಗಸ್ ತಡೆಯುವ ಔಷಧಿ ಬೆರೆಸದ ಸಿಲಿಕೋನ್ ಕೇಳಿ ತನ್ನಿ. ಬಾತ್‌ರೂಮಿಗೆ ಹಚ್ಚುವಂಥದ್ದು ಮೀನಿಗೆ ವಿಷ. ಸೆರಾಮಿಕ್ ಉಂಗುರ ದುಬಾರಿ ಅನ್ನಿಸಿದರೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಒಂದು ಡಜನ್ ಸಾಕು, ಸೋಪು ಹಚ್ಚಿರದ ಹೊಸದು. ಬ್ಯಾಕ್ಟೀರಿಯಾಗಳಿಗೆ ಬ್ರ್ಯಾಂಡ್ ಗೊತ್ತಾಗಲ್ಲ, ಅಂಟಿಕೊಳ್ಳೋಕೆ ಜಾಗ ಸಿಕ್ಕರೆ ಆಯಿತು.

ನಿಜವಾದ ಕೆಲಸ ಆ ಬ್ಯಾಕ್ಟೀರಿಯಾಗಳದ್ದೇ. ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ವಿಷ ಕಮ್ಮಿ. ಈ ಸಂಸಾರ ನೆಲೆಯೂರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕೊನೆಗೆ ಉಳಿಯುವ ನೈಟ್ರೇಟನ್ನು ಇಂಥ ಮಾಮೂಲಿ ಸಂಪು ತೆಗೆಯುವುದಿಲ್ಲ. ಬಕೆಟ್ ಹಿಡಿದು ಒಂದಷ್ಟು ನೀರು ಬದಲಾಯಿಸಬೇಕು, ನಾವೇ.

ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬನಿಗೆ ಹಿಡಿಸದೇ ಇದ್ದದ್ದು ಈ ಕೊನೆಯ ಮಾತು. ಅವನ ಮನೆಯಲ್ಲಿ ನಾಲ್ಕಡಿ ಟ್ಯಾಂಕ್ ಇದೆ. "ಗುರೂ, ಒಂದು ತಿಂಗಳು ನಾನು ಮುಟ್ಟಲೇಬಾರದು, ಅಂಥ ಸಂಪ್ ಮಾಡಿಕೊಡು" ಅಂದ. ಊಟ ಹಾಕೋಕೆ ಟೈಮರ್ ಇರುವ ಫೀಡರ್ ಬಂದಿದೆ, ಲೈಟಿಗೆ ಸ್ಮಾರ್ಟ್ ಪ್ಲಗ್ ಇದೆ, ನೀರಿನದ್ದೊಂದು ಬಗೆಹರಿದರೆ ಮುಗೀತು ಅನ್ನೋದು ಅವನ ಲೆಕ್ಕ. ಕೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕಸುಬೇ ಅದು. ಎರಡು ಸಲ ಕೈಯಲ್ಲಿ ಮಾಡಿದ ಕೆಲಸಕ್ಕೆ ಮೂರನೇ ಸಲ ಸ್ಕ್ರಿಪ್ಟ್ ಬರೆಯೋದು. ಆದರೂ ಆ 'ಮುಟ್ಟಲೇಬಾರದು' ಅನ್ನೋ ಶಬ್ದ ನನ್ನ ತಲೆಯಲ್ಲಿ ಉಳಿದುಕೊಂಡಿತು. ಒಂದು ಜೀವವನ್ನು ಗಾಜಿನೊಳಗೆ ತಂದು ಕೂಡಿಹಾಕಿದ ಮೇಲೆ, ಅದರ ಹೊಣೆಯನ್ನು ಎಷ್ಟರಮಟ್ಟಿಗೆ ಯಂತ್ರಕ್ಕೆ ಒಪ್ಪಿಸಬಹುದು?

ಇಂಥ ಪ್ರಶ್ನೆ ಬಂದ ಕೂಡಲೇ ಕೆಲವರು ಹಳ್ಳಿಯ ಕಡೆ ಕೈ ತೋರಿಸುತ್ತಾರೆ. ಹಿಂದಿನ ಕಾಲದಲ್ಲಿ ಎಲ್ಲ ಕೈಯಲ್ಲೇ ಮಾಡುತ್ತಿದ್ದರು, ಅದರಲ್ಲಿ ಪ್ರೀತಿ ಇತ್ತು, ಇತ್ಯಾದಿ. ನಾನು ಹಳ್ಳಿಯಲ್ಲೇ ಬೆಳೆದವನು, ಈ ಮಾತನ್ನು ನಂಬಲ್ಲ. ಒರಳುಕಲ್ಲು ತಿರುಗಿಸಿದ ಯಾವ ಹೆಂಗಸೂ ಮಿಕ್ಸಿ ಬಂದಾಗ ಅತ್ತಿದ್ದನ್ನು ನಾನು ಕಂಡಿಲ್ಲ. ಬಾವಿಯಿಂದ ನೀರು ಸೇದಿದ ಅಂಗೈಗಳಿಗೆ ನಲ್ಲಿಯ ಬೆಲೆ ಗೊತ್ತು. ದುಡಿತವೇ ಪ್ರೀತಿ ಅನ್ನೋದು ದುಡಿಯದವರು ಹೇಳುವ ಮಾತು. ಹಾಗಾಗಿ ವಾರಕ್ಕೆರಡು ಸಲ ಫಿಲ್ಟರ್ ಬಿಚ್ಚಿ ಉಜ್ಜೋದನ್ನು ಸಂಪು ತಪ್ಪಿಸಿದರೆ ಒಳ್ಳೆಯದೇ. ಮೀನಿಗೂ ಒಳ್ಳೆಯದು, ಬೆನ್ನಿಗೂ ಒಳ್ಳೆಯದು.

ಆದರೆ ಕೆಲವು ಕೆಲಸಗಳ ಹೆಗಲ ಮೇಲೆ ಇನ್ನೊಂದು ಕೆಲಸ ಕೂತಿರುತ್ತದೆ. ಹಾಲು ಕರೆಯೋದನ್ನೇ ತಗೊಳ್ಳಿ. ಅದು ಹಾಲಿಗಾಗಿ ಮಾಡುವ ಕೆಲಸ. ಆದರೆ ಹಸುವಿಗೆ ಕೆಚ್ಚಲು ಬಾವು ಶುರುವಾಗಿದ್ದು ಮೊದಲು ಗೊತ್ತಾಗುತ್ತಿದ್ದದ್ದು ಕರೆಯುವ ಕೈಗೆ. ಬಿಸಿ, ಗಟ್ಟಿ, ಹಸು ಕಾಲು ಎತ್ತಿದ ರೀತಿ. ಯಾರೂ 'ಈಗ ಆರೋಗ್ಯ ತಪಾಸಣೆ' ಅಂತ ಕೂರುತ್ತಿರಲಿಲ್ಲ, ಕರೆಯುವಾಗ ಅದೂ ಆಗುತ್ತಿತ್ತು. ಮಿಷನ್ ಬಂದ ಮೇಲೆ ಹಾಲು ಬರುತ್ತದೆ, ಕೈಗೆ ಸಿಗುತ್ತಿದ್ದ ಸುದ್ದಿ ಬರಲ್ಲ. ಅದನ್ನು ಬೇರೆಯಾಗಿ, ನೆನಪಿಟ್ಟು, ಪರೀಕ್ಷೆ ಮಾಡಿಕೊಳ್ಳಬೇಕು.

ಕನ್ನಡದಲ್ಲಿ ಈ ಹೊಣೆಗೆ ನಾವು ಬಳಸುವ ಕ್ರಿಯಾಪದವೇ 'ನೋಡಿಕೊಳ್ಳು'. ಮಗೂನ ನೋಡ್ಕೋ, ಅಂಗಡಿ ನೋಡ್ಕೋ, ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೋ. ಊಟ ಹಾಕು, ತೊಳೆ, ದುಡ್ಡು ಕಳಿಸು ಅನ್ನೋದೆಲ್ಲ ಅದರೊಳಗೆ ಸೇರುತ್ತದೆ, ನಿಜ. ಆದರೂ ಶಬ್ದ ನಿಂತಿರೋದು ನೋಡುವುದರ ಮೇಲೆ. ಫೀಡರ್ ಮೀನಿಗೆ ಊಟ ಹಾಕುತ್ತದೆ, ಒಂದು ಮೀನು ಎರಡು ದಿನದಿಂದ ಮೂಲೆ ಬಿಟ್ಟು ಬಂದಿಲ್ಲ ಅನ್ನೋದು ಅದಕ್ಕೆ ಕಾಣಲ್ಲ. ಮೀನು ಕೂಗೋದೂ ಇಲ್ಲ. ನಾಯಿಯಾದರೆ ಕುಂಯ್‌ಗುಡುತ್ತದೆ, ಬೆಕ್ಕು ತಟ್ಟೆ ಬೀಳಿಸುತ್ತದೆ. ಮೀನು ಹೆಚ್ಚೆಂದರೆ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ, ಅಷ್ಟು ಹೊತ್ತಿಗೆ ಬಹಳ ತಡವಾಗಿರುತ್ತದೆ.

ಸಂಪಿನಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಅಕ್ವೇರಿಯಂನಿಂದ ದಿನಾ ನೀರು ಆವಿಯಾಗುತ್ತದೆ. ಸಂಪಿಲ್ಲದ ಟ್ಯಾಂಕಿನಲ್ಲಿ ಅದು ಎದುರಿಗೇ ಕಾಣುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಬಿಟ್ಟು ನೀರು ಇಳಿದಿರುತ್ತದೆ. ಸಂಪು ಹಾಕಿದ ಮೇಲೆ, ಪಂಪು ಓಡುತ್ತಿರುವವರೆಗೂ, ಮೇಲಿನ ಟ್ಯಾಂಕಿನ ಮಟ್ಟ ಓವರ್‌ಫ್ಲೋ ಅಂಚಿನಲ್ಲೇ ನಿಂತಿರುತ್ತದೆ. ಕೊರತೆಯೆಲ್ಲ ಕೆಳಗೆ, ಕೊನೆಯ ಖಾನೆಯಲ್ಲಿ. ಸೋಫಾದಲ್ಲಿ ಕೂತವರಿಗೆ ಟ್ಯಾಂಕು ತುಂಬಿ ಫಳಫಳ ಹೊಳೆಯುತ್ತಿರುತ್ತದೆ. ಬಾಗಿಲ ಹಿಂದೆ ನೀರು ತಳ ಮುಟ್ಟಿ, ಪಂಪು ಗಾಳಿ ಎಳೆಯೋಕೆ ಶುರು ಮಾಡಿರುತ್ತದೆ.

ನನ್ನಮ್ಮನ ಫೋನೂ ಹೀಗೇ. ಮಟ್ಟ ಇಳಿಯೋದೇ ಇಲ್ಲ. "ಚೆನ್ನಾಗಿದೀವಿ ಕಣಪ್ಪ, ನೀನು ಊಟ ಮಾಡ್ದಾ?" ಹದಿನೈದು ವರ್ಷದಿಂದ ಇದೇ ವಾಕ್ಯ. ಊರಿಗೆ ಹೋಗಿ ಅಡುಗೆಮನೆಯ ಗೂಡಿಗೆ ಕೈ ಹಾಕಿದಾಗ ಗೊತ್ತಾಗುತ್ತದೆ, ಬಿಪಿ ಮಾತ್ರೆಯ ಶೀಟಿನಲ್ಲಿ ಎಷ್ಟು ಉಳಿದಿವೆ ಅಂತ.

ನಮ್ಮಲ್ಲಿ ಬಹಳ ಜನ ಈಗ ಊರಿನ ಮನೆಗೆ ಕ್ಯಾಮೆರಾ ಹಾಕಿಸಿದ್ದೇವೆ, ಗ್ಯಾಸು, ಔಷಧಿ ಎಲ್ಲ ಆ್ಯಪಿನಲ್ಲೇ ಬುಕ್ ಮಾಡುತ್ತೇವೆ. ತೋಟದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ನಾನೂ ಹಾಕಿಸಿದ್ದೇನೆ. ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗ ಕೊಟ್ಟರೂ ಅಪ್ಪ ಟಾರ್ಚ್ ಹಿಡಿದು ಹಾವಿನ ದಾರಿಯಲ್ಲಿ ಹೋಗುವುದು ತಪ್ಪಿತು. ಇದನ್ನು ಯಾರಾದರೂ ಆಲಸ್ಯ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಆದರೆ ಅಪ್ಪ ಬೆಳಗ್ಗೆ ತೋಟಕ್ಕೆ ಹೋಗುವುದು ನಿಲ್ಲಿಸಲಿಲ್ಲ. ಫೋನೇ ಹೇಳುತ್ತಲ್ಲ, ಯಾಕೆ ಹೋಗ್ತೀರಿ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: "ಮೋಟ್ರು ಆನ್ ಆಗೈತೆ ಅಂತ ಫೋನು ಹೇಳ್ತದೆ. ಗಿಡಕ್ಕೆ ನೀರು ಬಂತಾ ಅಂತ ಹೇಳ್ತದಾ?" ಹೆಗ್ಗಣ ಡ್ರಿಪ್ ಪೈಪು ಕಡಿದಿರುತ್ತದೆ, ತೆಂಗಿನ ಸುಳಿಗೆ ಹುಳ ಬಿದ್ದಿರುತ್ತದೆ. ಮೋಟರು ಮಾತ್ರ ಆನ್.

ಇದರ ಮತ್ತೊಂದು ಮಗ್ಗುಲನ್ನೂ ಹೇಳಬೇಕು. ನೋಡೋಕೆ ಆಗದ ಹೊತ್ತು ಎಲ್ಲರಿಗೂ ಬರುತ್ತದೆ. ಆಫೀಸಿನಲ್ಲಿರುತ್ತೇವೆ, ಊರಿಗೆ ಹೋಗಿರುತ್ತೇವೆ. ಆ ಹೊತ್ತಿಗಾಗಿ ಮೊದಲೇ ಯೋಚಿಸಿಡೋದೂ ನೋಡಿಕೊಳ್ಳೋದೇ, ಮತ್ತು ಇಲ್ಲಿ ಎಂಜಿನಿಯರಿಂಗ್ ನಿಜಕ್ಕೂ ಒಂದು ಮರ್ಯಾದಸ್ಥ ಕೆಲಸ. ಗೆಳೆಯನ ಟ್ಯಾಂಕು 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ಅಂದರೆ ಒಂದು ಸೆಂ.ಮೀ. ನೀರಿಗೆ 5.4 ಲೀಟರ್. ಕರೆಂಟ್ ಹೋಗಿ ಪಂಪು ನಿಂತರೆ ರಿಟರ್ನ್ ಪೈಪು ಉಲ್ಟಾ ಸೈಫನ್ ಆಗಿ ನೀರನ್ನು ಕೆಳಕ್ಕೆ ಎಳೆಯುತ್ತದೆ. ಪೈಪಿನ ಬಾಯಿ ನೀರಿನಲ್ಲಿ 15 ಸೆಂ.ಮೀ. ಮುಳುಗಿದ್ದರೆ 81 ಲೀಟರ್ ಇಳಿಯುತ್ತದೆ. ಸಂಪಿನಲ್ಲಿ ಖಾಲಿ ಇರೋದು 35 ಲೀಟರ್ ಜಾಗ. ಮಿಕ್ಕಿದ್ದು ನೆಲಕ್ಕೆ, ಅಲ್ಲಿಂದ ಕೆಳಗಿನ ಮನೆಯವರ ಸೀಲಿಂಗಿಗೆ. ಇದಕ್ಕೆ ಪರಿಹಾರ ಪೈಪಿನಲ್ಲಿ ನೀರಿನ ಮೇಲ್ಮೈಗಿಂತ ಎರಡು ಸೆಂ.ಮೀ. ಕೆಳಗೆ ಕೊರೆದ ಒಂದು ಸಣ್ಣ ತೂತು. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ, ಹನ್ನೊಂದು ಲೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಹತ್ತು ಪೈಸೆ ಖರ್ಚಿಲ್ಲ. ಆದರೆ ಆ ತೂತಿಗೂ ಪಾಚಿ ಕಟ್ಟುತ್ತದೆ! ವಾರಕ್ಕೊಮ್ಮೆ ಹಲ್ಲುಕಡ್ಡಿ ಆಡಿಸಬೇಕು.

ಸಂಪು ಹಾಕಿದ ಮೇಲೆ ಜನ ಮಾಡುವ ಇನ್ನೊಂದು ಕೆಲಸ, ಮೀನು ಜಾಸ್ತಿ ಮಾಡೋದು. ಫಿಲ್ಟರ್ ದೊಡ್ಡದಾಯ್ತಲ್ಲ, ಇನ್ನೂ ಹತ್ತು ಬಿಡೋಣ. ಹೊಸ ಫ್ಲೈಓವರ್ ಆದ ಕೂಡಲೇ ಹೊಸ ಕಾರುಗಳು ತುಂಬಿಕೊಂಡ ಹಾಗೆ. ಮೀನಿಗೆ ಸಿಗಬೇಕಾಗಿದ್ದ ನಿರಾಳ ನಮ್ಮ ಆಸೆಗೆ ಹೋಗುತ್ತದೆ. ಆಮೇಲೆ ಒಂದು ರಾತ್ರಿ ನಾಲ್ಕು ತಾಸು ಕರೆಂಟ್ ಇಲ್ಲದಿದ್ದರೆ ಆ ದಟ್ಟಣೆಗೆ ಆಮ್ಲಜನಕ ಸಾಲಲ್ಲ. ಸಾಕಾಯ್ತು ಅಂತ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರೂ ಇದ್ದಾರೆ. ಹಾಗೆ ಬಿಟ್ಟ ಸಕ್ಕರ್ ಮೀನುಗಳು ದೇಶದ ಎಷ್ಟೋ ಕೆರೆಗಳಲ್ಲಿ ಅಲ್ಲಿಯ ಮೀನುಗಳ ಜಾಗ ಕಸಿದುಕೊಂಡು ಕೂತಿವೆ. ಒಮ್ಮೆ ತಂದ ಮೇಲೆ ವಾಪಸ್ ಕೊಡೋ ದಾರಿಯೂ ಅಷ್ಟು ಸಲೀಸಲ್ಲ.

ಅಂದಹಾಗೆ ಈ ವಿದ್ಯೆ ಹಳೆಯದು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅಕ್ವೇರಿಯಂ ಕಟ್ಟಿದ ವಿಲಿಯಂ ಆಲ್ಫರ್ಡ್ ಲಾಯ್ಡ್, ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ತೊಟ್ಟಿಯೊಂದನ್ನು ನೆಲದಡಿ ಮಾಡಿಸಿ, ಸಮುದ್ರದ ನೀರನ್ನು ಪಂಪಿನಿಂದ ಸುತ್ತಾಡಿಸುತ್ತಿದ್ದ. ಅಲ್ಲಿ ಕತ್ತಲೆ ಬೇಕಿದ್ದದ್ದು ಪಾಚಿ ಬೆಳೆಯದಿರಲಿ ಅಂತ. ನಾವು ಬಾಗಿಲು ಮುಚ್ಚೋದು ಹೆಚ್ಚಾಗಿ ಅಂದಕ್ಕೆ.

ಗೆಳೆಯನಿಗೆ ಸಂಪು ಮಾಡಿಕೊಟ್ಟೆ. 90 ಸೆಂ.ಮೀ. ಉದ್ದ, ಮೂರು ಖಾನೆ, ಗಂಟೆಗೆ ಸಾವಿರ ಲೀಟರಿನ ಪಂಪು. ತಿಂಗಳು ಮುಟ್ಟದ ಹಾಗೆ ಮಾಡೋಕೆ ಬರಲ್ಲ ಅಂತ ಹೇಳಿದೆ, ಭಾನುವಾರ ಎರಡು ಬಕೆಟ್ ನೀರು ತೆಗೆದು ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹಾಕು ಅಂದೆ, ಒಪ್ಪಿದ. ಒಪ್ಪದೇ ಇದ್ದದ್ದು ಒಂದೇ. ಸ್ಟ್ಯಾಂಡಿನ ಬಾಗಿಲು ಪ್ಲೈವುಡ್ ಬೇಡ, ಗಾಜಿನದ್ದಿರಲಿ, ಹೋಗುತ್ತಾ ಬರುತ್ತಾ ಕೊನೆಯ ಖಾನೆಯ ನೀರು ಕಣ್ಣಿಗೆ ಬೀಳಲಿ ಅಂತ ನನ್ನ ಹಟ. ಹಾಲ್‌ನಲ್ಲಿ ಕೂತ ನೆಂಟರಿಗೆ ಕಂದು ಬಣ್ಣಕ್ಕೆ ತಿರುಗಿದ ಸ್ಪಂಜು ಯಾಕೆ ತೋರಿಸಬೇಕು ಅಂತ ಅವನ ಹೆಂಡತಿಯ ಪ್ರಶ್ನೆ. ಅವರು ಹೇಳೋದರಲ್ಲೂ ನ್ಯಾಯ ಇದೆ. ಶನಿವಾರ ಬಡಗಿ ಬರುತ್ತಾರೆ, ಬಾಗಿಲಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ.